ಕತೆ, ಕತ್ತೆ, ನಡುವಿನ ಖಾಲಿ ಜಾಗ

ಮೊಳಕಾಲ್ಮೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ನಮಗೆ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗವೇ ಹತ್ತಿರ. ಹಾಗಾಗಿ ತರಗತಿಯಲ್ಲಿ ತುಂಬಾ ಮಕ್ಕಳ ಮನೆಮಾತು ತೆಲುಗು, ತಾಂಡಾದಿಂದ ಬರುವವರದು ಲಂಬಾಣಿ, ಒಂದಷ್ಟು ಜನರದು ಉರ್ದು. ಎಂಟನೇ ತರಗತಿಗೆ ಬರುವಷ್ಟರಲ್ಲಿ ಎಲ್ಲರೂ ಕನ್ನಡವನ್ನು ಸಲೀಸಾಗಿ ಮಾತಾಡುತ್ತಾರೆ. ಉಕ್ತಲೇಖನ ಕೊಟ್ಟರೆ ಮಾತ್ರ ಒತ್ತಕ್ಷರ ಮಾಯ. 'ಕತ್ತೆ' ಅಂದರೆ 'ಕತೆ' ಅಂತ ಬರೆಯುತ್ತಾರೆ, 'ಹಳ್ಳಿ' ಅಂದರೆ 'ಹಳಿ'.

ವರ್ಷಗಟ್ಟಲೆ ನಾನು ಮಾಡಿದ್ದು ಒಂದೇ, ತಪ್ಪಾದ ಪದವನ್ನು ಹತ್ತು ಸಲ ಬರೆಸುವುದು. ಹತ್ತು ಸಲ ಸರಿಯಾಗಿ ಬರೆದ ಮಗು ಮಾರನೇ ವಾರ ಮತ್ತೆ 'ಕತೆ' ಅಂತಲೇ ಬರೆಯುತ್ತಿತ್ತು. ಇವರಿಗೆ ಗಮನ ಇಲ್ಲ ಅಂದುಕೊಂಡಿದ್ದೆ. ಅದು ನನ್ನ ತಪ್ಪು ತಿಳುವಳಿಕೆ.

ಆಡಾಸಿಟಿ ಅನ್ನೋ ತಂತ್ರಾಂಶ ಇದೆ. ದನಿ ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸುವುದಕ್ಕೆ, ಪೂರ್ತಿ ಉಚಿತ. ಉಕ್ತಲೇಖನದ ಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಅಂತ ಅದನ್ನು ಹಾಕಿಕೊಂಡಿದ್ದೆ. ಒಂದು ಸಂಜೆ ಪದಗಳ ನಡುವಿನ ಜಾಗ ಕತ್ತರಿಸುತ್ತಾ ಕೂತಿದ್ದಾಗ, ಕಂಟ್ರೋಲ್ ಜೊತೆ 1 ಒತ್ತಿ ಒತ್ತಿ ಪರದೆ ಮೇಲೆ ದನಿಯನ್ನು ತೋರಿಸುವ ಅಲೆಯನ್ನು ದೊಡ್ಡದು ಮಾಡಿದೆ. 'ಕತ್ತೆ' ಅನ್ನೋ ಪದದ ಮಧ್ಯದಲ್ಲಿ ಅಲೆಯೇ ಇರಲಿಲ್ಲ, ಸಪಾಟು ಗೆರೆ. ಪದವೇ ಎರಡು ತುಂಡಾಯಿತೇನೋ ಅಂತ ಮತ್ತೆ ಕೇಳಿದೆ. ಸರಿಯಾಗೇ ಇತ್ತು. ಯೋಚಿಸಿದರೆ ಗೊತ್ತಾಗುತ್ತದೆ, ತ್ತ ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುತ್ತದೆ, ಗಾಳಿ ಅಲ್ಲೇ ಕಟ್ಟಿಕೊಳ್ಳುತ್ತದೆ, ಅಷ್ಟು ಹೊತ್ತು ಸದ್ದೇ ಇಲ್ಲ. 'ಕತೆ'ಯಲ್ಲೂ ಆ ಖಾಲಿ ಜಾಗ ಇದೆ, ಆದರೆ ಚಿಕ್ಕದು. ಮೌಸ್ ಎಳೆದು ಅಳೆದರೆ ನನ್ನ ದನಿಯಲ್ಲಿ 'ಕತೆ'ಗೆ 0.08 ಸೆಕೆಂಡು ಬಂತು, 'ಕತ್ತೆ'ಗೆ 0.2ರ ಹತ್ತಿರ. ಒತ್ತಕ್ಷರ ಅಂದರೆ ಇದೇ ಅಲ್ವಾ, ಆ ಒತ್ತಿ ನಿಲ್ಲುವ ಹೊತ್ತು!

ಮಾರನೇ ದಿನ ಲ್ಯಾಪ್‌ಟಾಪ್ ತಗೊಂಡು ಹೋದೆ. ಒತ್ತಕ್ಷರವನ್ನು ಎಲ್ಲರಿಗಿಂತ ಜಾಸ್ತಿ ಬಿಡುತ್ತಿದ್ದ ಹುಡುಗಿಯನ್ನು ಕರೆದು, 'ಕತೆ', 'ಕತ್ತೆ' ಎರಡನ್ನೂ ಹೇಳಿಸಿ ಒಂದರ ಕೆಳಗೊಂದು ಇಟ್ಟು ತೋರಿಸಿದೆ. ಅವಳು ಪರದೆಗೆ ಮುಖ ಹತ್ತಿರ ತಂದು "ಮಿಸ್, ಇಲ್ಲಿ ಯಾಕೆ ಖಾಲಿ ಐತೆ?" ಅಂದಳು. "ಅದು ನೀನೇ ಬಿಟ್ಟ ಜಾಗ. ನಿನ್ನ ಬಾಯಿಗೆ ಒತ್ತಕ್ಷರ ಗೊತ್ತು, ಕೈಗೆ ಇನ್ನೂ ಹೇಳಿಲ್ಲ ಅಷ್ಟೇ" ಅಂದೆ. ಅವಳು ಇನ್ನೊಂದು ಸಲ ಹೇಳಿದಳು, ಮತ್ತೆ ನೋಡಿದಳು. ಆಮೇಲೆ ತಾನೇ ಹಾಳೆ ತಗೊಂಡು ಬರೆದಳು. ನಾಲ್ಕು ವರ್ಷ 'ನಿನಗೆ ಬರಲ್ಲ' ಅನ್ನಿಸಿಕೊಂಡ ಮಗುವಿಗೆ ತನ್ನ ದನಿಯಲ್ಲಿ ಅದು ಆಗಲೇ ಇದೆ ಅಂತ ಕಣ್ಣಿಗೆ ಕಂಡಿತು. ನನಗೆ ಗಂಟಲು ಕಟ್ಟಿತು, ಸುಳ್ಳು ಹೇಳಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವ ಊರು, ಹಾಗಾಗಿ ಮುಂದಿನ ಜೋಡಿ 'ಮಗ', 'ಮಗ್ಗ'. ಇಲ್ಲಿ ಅಲೆ ಬೇರೆ ಥರ. ಗ್ಗ ಇರುವ ಕಡೆ ಪೂರ್ತಿ ಖಾಲಿ ಬರುವುದಿಲ್ಲ, ತೆಳ್ಳಗೆ ನಡುಗುವ ಗೆರೆ ಇರುತ್ತದೆ, ಯಾಕೆಂದರೆ ಗ ಅನ್ನುವಾಗ ಗಂಟಲು ಅದುರುತ್ತಲೇ ಇರುತ್ತದೆ. ಕುತ್ತಿಗೆ ಮೇಲೆ ಬೆರಳಿಟ್ಟು ನೋಡಿ ಅಂದೆ, ಇಡೀ ತರಗತಿ ಕುತ್ತಿಗೆ ಹಿಡಿದುಕೊಂಡು ಮಗ್ಗ ಮಗ್ಗ ಅಂದಿತು. ಮಹಾಪ್ರಾಣಕ್ಕೆ ತಾಂಡಾದ ಹುಡುಗನೇ ಮೇಷ್ಟ್ರು. ಅವರ ಮಾತಿನಲ್ಲಿ ಕುದುರೆಗೆ ಘೋಡೋ ಅಂತಾರೆ, ಆ ಘ ಅವನ ಬಾಯಲ್ಲಿ ಬರುವಷ್ಟು ಚೆನ್ನಾಗಿ ನನ್ನ ಬಾಯಲ್ಲೂ ಬರಲ್ಲ.

ಆಮೇಲೆ ಟೈಪಿಂಗ್. ಕಂಪ್ಯೂಟರ್ ಕೊಠಡಿಯಲ್ಲಿ ನಾಲ್ಕೇ ಯಂತ್ರ ಕೆಲಸ ಮಾಡುತ್ತವೆ, ಒಂದೊಂದಕ್ಕೂ ಐದಾರು ಮಕ್ಕಳು. ನುಡಿ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಎಫ್ ಒತ್ತಬೇಕು. ಕತೆಗೆ ಕೆ, ಟಿ, ಇ. ಕತ್ತೆಗೆ ಕೆ, ಟಿ, ಎಫ್, ಟಿ, ಇ. ಪರದೆ ಮೇಲೆ ನೋಡಿದ ಖಾಲಿ ಜಾಗಕ್ಕೆ ಈಗ ಒಂದು ಕೀ ಸಿಕ್ಕಿತು. ಅರ್ಕಾವೊತ್ತಿಗಂತೂ ಇದು ತುಂಬಾ ಸಹಾಯ. 'ಸೂರ್ಯ' ಬರೆಯುವಾಗ ರಕಾರದ ಗುರುತು ಯಕಾರದ ಆಮೇಲೆ ಬರುತ್ತದೆ, ಮಕ್ಕಳಿಗೆ ಗೊಂದಲ. ಟೈಪ್ ಮಾಡುವಾಗ ಬಾಯಲ್ಲಿ ಬರುವ ಕ್ರಮದಲ್ಲೇ ಮೊದಲು ರ, ಆಮೇಲೆ ಎಫ್, ಆಮೇಲೆ ಯ.

ಮಾಡಿ ನೋಡುವವರಿಗೆ ಎರಡು ಮಾತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಎಂ4ಎ ಕಡತವನ್ನು ಆಡಾಸಿಟಿ ಹಾಗೇ ತೆರೆಯದೇ ಇರಬಹುದು, ಅದಕ್ಕೆ ಎಫ್‌ಎಫ್‌ಎಂಪೆಗ್ ಅನ್ನೋ ಇನ್ನೊಂದು ತಂತ್ರಾಂಶ ಹಾಕಬೇಕು. ವೇವ್ ಕಡತ ಕೊಡುವ ಆ್ಯಪ್ ಇದ್ದರೆ ಈ ತೊಂದರೆ ಇಲ್ಲ. ಇನ್ನು ಫ್ಯಾನ್ ಆಫ್ ಮಾಡಿ, ಎಷ್ಟೇ ಸೆಕೆ ಇರಲಿ. ಫ್ಯಾನಿನ ಸದ್ದಿದ್ದರೆ ಆ ಖಾಲಿ ಜಾಗ ತುಂಬಿಹೋಗುತ್ತದೆ, ತೋರಿಸಬೇಕಾದ್ದೇ ಕಾಣಲ್ಲ. ಒಂದು ದಿನ ಪೂರ್ತಿ ರೆಕಾರ್ಡ್ ಮಾಡಿದ್ದು ಹಾಗೇ ಹಾಳಾಯಿತು.

'ಎಲೆ', 'ಎಲ್ಲೆ' ಇದರಲ್ಲಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ, ಲ್ಲ ಅನ್ನುವಾಗ ದನಿ ನಿಲ್ಲುವುದೇ ಇಲ್ಲ. 'ಬಲೆ', 'ಬಳೆ' ಅಂತೂ ಅಲೆ ನೋಡಿ ಹೇಳಲು ನನಗೇ ಆಗಲಿಲ್ಲ. ಅದಕ್ಕೆ ಕೇಳಿಸಿ ಕೇಳಿಸಿಯೇ ಹೇಳಿಕೊಡುತ್ತಿದ್ದೇನೆ.

ಹೋದ ವಾರ ಅದೇ ಹುಡುಗಿ ಮಧ್ಯಾಹ್ನದ ಊಟ ಮುಗಿಸಿ ಬಂದು, ಇನ್ನೊಂದು ಪದ ಹೇಳ್ತೀನಿ ಹಾಕಿ ಮಿಸ್ ಅಂದಳು. ಮೈಕಿನ ಹತ್ತಿರ ಬಂದು ಮನೆಮಾತು ತೆಲುಗಿನಲ್ಲಿ 'ಮಗ್ಗಂ' ಅಂದಳು. ಅವರಪ್ಪ ನೇಯುವವರು. ಕನ್ನಡದ ಮಗ್ಗದ ಕೆಳಗೆ ಅದನ್ನು ಇಟ್ಟೆ. ಅವಳೇ ಮೌಸ್ ಹಿಡಿದು ಅಳೆದಳು. "ಅಷ್ಟೇ ಐತೆ ಮಿಸ್, ಎರಡರಾಗೂ ಅಷ್ಟೇ ಐತೆ."