ಮೊದಲು ಹಣೆ ನೋಡುತ್ತೇನೆ

"ಬಾಯಿ ಸೊಟ್ಟ ಆಗೇತ್ರಿ ಮೇಡಂ, ಗಾಳಿ ಬಡದೇತಿ." ಗದಗದಲ್ಲಿ ಫಿಜಿಯೋಥೆರಪಿ ಶುರು ಮಾಡಿ ಹದಿನಾಲ್ಕು ವರ್ಷವಾಯಿತು. ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಳೆದ ವರ್ಷ ಹೀಗೆ ಬಂದವರು ಮುಂಡರಗಿ ಕಡೆ ಓಡಾಡುವ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಬಲಗಡೆಯಿಂದ ನೀರು ಸೋರಿತ್ತು. ಡ್ಯೂಟಿಗೆ ಹೋಗಿ ಸೀಟಿ ಊದಿದರೆ ಬರೀ ಗಾಳಿ. ಅಷ್ಟಕ್ಕೇ ಗಾಬರಿಯಾಗಿ ಇಳಿದು ನೇರ ನನ್ನ ಹತ್ತಿರ ಬಂದಿದ್ದರು.

ಅವರ ಹಣೆಯ ಮೇಲೆ ಮೂರು ಎಳೆ ವಿಭೂತಿ ಇತ್ತು. "ಹುಬ್ಬು ಮ್ಯಾಲೆತ್ರಿ" ಅಂದೆ. ಎಡಗಡೆ ವಿಭೂತಿ ನೆರಿಗೆ ಬಿದ್ದು ಬಿರುಕು ಬಿಟ್ಟಿತು. ಬಲಗಡೆ ಬರೆದಿಟ್ಟ ಹಾಗೆ ಹಾಗೇ ಇತ್ತು. ನನಗೆ ಅರ್ಧ ಸಮಾಧಾನವಾಯಿತು.

ಹಣೆ ಕೂಡ ಏಳಲಿಲ್ಲ ಅಂದರೆ ಸಮಾಧಾನ ಹೇಗೆ? ಇದನ್ನು ನನಗೆ ಕಲಿಸಿದ್ದು ಅದಕ್ಕೂ ಐದು ವರ್ಷ ಮೊದಲು ಬಂದಿದ್ದ ಒಬ್ಬ ಅಜ್ಜ. ರೋಣದ ಕಡೆಯ ರೈತರು. ಮನೆಯವರದೂ ಇದೇ ಮಾತು, ಗಾಳಿ ಬಡಿದಿದೆ, ಬಾಯಿ ಸೊಟ್ಟ. ಹಿಂದಿನ ಸಂಜೆಯೇ ಶುರುವಾಗಿತ್ತು. ಯಾರೋ ಎಣ್ಣೆ ತಿಕ್ಕಿ, ಬೆಳಿಗ್ಗೆ ನೋಡೋಣ ಅಂದಿದ್ದರಂತೆ. ಅಜ್ಜನ ಬಾಯಿ ಬಲಕ್ಕೆ ಎಳೆದಿತ್ತು, ಎಡಗಡೆ ಜೋತಿತ್ತು. ಆದರೆ ಹುಬ್ಬು ಎತ್ತಿದಾಗ ಹಣೆಯ ವಿಭೂತಿ ಎರಡೂ ಕಡೆ ಸಮನಾಗಿ ನೆರಿಗೆ ಬಿತ್ತು. ನನ್ನ ಎದೆ ಧಸಕ್ಕೆಂದಿತು. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಿಸಿದೆ. ಎಡಗೈ ಮೆಲ್ಲಗೆ ತಿರುಗುತ್ತಾ ಕೆಳಗೆ ಇಳಿಯಿತು. ಅದು ಮುಖದ ನರದ ತೊಂದರೆ ಅಲ್ಲ, ಮೆದುಳಿನದು. ಕೂಡಲೇ 108ಕ್ಕೆ ಫೋನ್ ಮಾಡಿ ಹುಬ್ಬಳ್ಳಿಗೆ ಕಳಿಸಿದೆ. ಸ್ಕ್ಯಾನ್‌ನಲ್ಲಿ ಮೆದುಳಿನ ಬಲಭಾಗಕ್ಕೆ ರಕ್ತ ಹೋಗುವುದು ನಿಂತಿದ್ದು ಕಾಣಿಸಿತು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಮಿತಿ ಇದೆ. ಅದು ರಾತ್ರಿಯೇ ಮುಗಿದು ಹೋಗಿತ್ತು. ಮೂರು ತಿಂಗಳ ಮೇಲೆ ಅಜ್ಜ ಕೋಲು ಹಿಡಿದು ನಡೆದೇ ಬಂದರು. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಮಾತ್ರ ಕೊನೆಗೂ ಆಗಲಿಲ್ಲ. ಆ ಒಂದು ರಾತ್ರಿಯನ್ನು ನಾನು ಈಗಲೂ ಮರೆತಿಲ್ಲ.

ಕಾರಣ ಹೀಗಿದೆ. ಮುಖದ ಕೆಳಭಾಗಕ್ಕೆ ಆಜ್ಞೆ ಬರುವುದು ಹೆಚ್ಚಾಗಿ ಎದುರು ಬದಿಯ ಮೆದುಳಿನಿಂದ. ಹಣೆಗೆ ಎರಡೂ ಬದಿಯಿಂದ ಬರುತ್ತದೆ. ಆದ್ದರಿಂದ ಒಂದು ಬದಿಯ ಮೆದುಳಿಗೆ ಏಟು ಬಿದ್ದರೂ ಹಣೆ ಎದ್ದೇಳುತ್ತದೆ, ಬಾಯಿ ಮಾತ್ರ ಸೊಟ್ಟಗಾಗುತ್ತದೆ. ಮೆದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ, ಮುಖದ್ದು ಏಳನೆಯದು. ಆ ಆಜ್ಞೆಗಳೆಲ್ಲ ಕೂಡಿ ಏಳನೇ ನರವಾಗಿ ಹೊರಟ ಮೇಲೆ ನರಕ್ಕೇ ಪೆಟ್ಟು ಬಿದ್ದರೆ? ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಹೋಗುತ್ತವೆ. ಬೇರೆ ಕಾರಣ ಕಾಣದೆ ಹೀಗಾದರೆ ಅದನ್ನೇ ಬೆಲ್ಸ್ ಪಾಲ್ಸಿ ಅನ್ನುವುದು. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ 1821ರಲ್ಲಿ ಮುಖದ ನರಗಳ ಬಗ್ಗೆ ಬರೆದರು, ಹೆಸರು ಅವರದೇ ಉಳಿಯಿತು.

ಕಾಲೇಜಿನಲ್ಲಿ ಆ ಹನ್ನೆರಡು ಜೊತೆ ನರಗಳನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಅನಾಟಮಿ ಹಾಲ್‌ನಲ್ಲಿ ಮೆದುಳನ್ನು ತಿರುವಿ ಅದರ ತಳ ನೋಡಿದ ದಿನವೇ ಅವು ನಿಜವಾಗಿ ಅರ್ಥವಾಗಿದ್ದು. ಮೇಲೆ ಒಂದೂಕಾಲು ಕಿಲೋಗಿಂತ ಜಾಸ್ತಿ ತೂಗುವ ಮೆದುಳು. ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಕಾಂಡ. ವಾಸನೆ ಮತ್ತು ನೋಟದ ನರ ಬಿಟ್ಟರೆ ಉಳಿದವೆಲ್ಲ ಹೆಚ್ಚುಕಮ್ಮಿ ಆ ಪುಟ್ಟ ಕಾಂಡದಿಂದಲೇ ಹೊರಡುತ್ತವೆ. ಕಣ್ಣು ಹೊರಳಿಸುವುದು, ಅಗಿಯುವುದು, ನುಂಗುವುದು, ನಾಲಿಗೆ ಆಡಿಸುವುದು, ಎಲ್ಲ ಅಲ್ಲಿಂದ. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೊಂದು ಕೆಲಸ! ಅವತ್ತಿನ ಬೆರಗು ಇನ್ನೂ ಹೋಗಿಲ್ಲ.

ಅದೇ ಕಾರಣಕ್ಕೆ ಕಂಡಕ್ಟರರ ಹಣೆ ಒಂದನ್ನೇ ನಂಬಿ ನಾನು ಕೂರಲಿಲ್ಲ. ಪೆಟ್ಟು ಕಾಂಡದಲ್ಲೇ ಆಗಿದ್ದರೆ ಹಣೆಯೂ ಹೋಗಬಹುದು. ಆಗ ಸಾಮಾನ್ಯವಾಗಿ ಅಕ್ಕಪಕ್ಕದ ನರಗಳೂ ಏನಾದರೂ ಹೇಳುತ್ತವೆ. ಪೆನ್ ಆಡಿಸಿದೆ, ಎರಡೂ ಕಣ್ಣು ಜೊತೆಯಾಗಿ ಹಿಂಬಾಲಿಸಿದವು. "ಆ" ಅನ್ನಿಸಿದೆ, ಕಿರುನಾಲಿಗೆ ನೆಟ್ಟಗೆ ಮೇಲೆದ್ದಿತು. ನಾಲಿಗೆ ಚಾಚಿಸಿದೆ, ನಡೆಸಿ ನೋಡಿದೆ, ಎಲ್ಲ ಸರಿ. "ಕೆನ್ನಿ ಜೋಮು ಹಿಡದೇತ್ರಿ" ಅನ್ನುತ್ತಿದ್ದರು. ಕಣ್ಣು ಮುಚ್ಚಿಸಿ ಹತ್ತಿ ಮುಟ್ಟಿಸಿದರೆ ಪ್ರತಿ ಸಲ ಸರಿಯಾಗಿ ಹೇಳಿದರು. ಮುಟ್ಟಿದ್ದು ತಿಳಿಸುವುದು ಐದನೇ ನರ, ಅದು ಚೆನ್ನಾಗಿಯೇ ಇತ್ತು. ವಾಸನೆಗೆ ಕಾಫಿಪುಡಿ ಹಿಡಿದೆ. ಇಲ್ಲಿ ಒಂದು ಮಾತು: ವಾಸನೆ ನೋಡಲು ಉಳ್ಳಾಗಡ್ಡಿ, ಖಾರಪುಡಿ ಹಿಡಿಯಬಾರದು. ಆ ಘಾಟು ಐದನೇ ನರಕ್ಕೂ ತಟ್ಟುತ್ತದೆ, ಮೂಗು ಸತ್ತಿದ್ದರೂ ಗೊತ್ತಾಗುವುದಿಲ್ಲ.

ಕಿವಿಯೊಳಗೆ ಬೊಕ್ಕೆ ಇದೆಯಾ ಅಂತಲೂ ನೋಡಿದೆ. ಇದ್ದರೆ ಅದು ಸರ್ಪಸುತ್ತಿನ ವೈರಸ್ಸು, ಚಿಕಿತ್ಸೆಯೇ ಬೇರೆ. ಇರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಏಳನೇ ನರ ಕಿವಿಯ ಹಿಂದಿನ ಮೂಳೆಯೊಳಗೆ ತೀರಾ ಇಕ್ಕಟ್ಟಾದ ಕೊಳವೆಯಲ್ಲಿ ಸಾಗುತ್ತದೆ. ಅಲ್ಲಿ ಊದಿಕೊಂಡರೆ ಹಿಗ್ಗಲು ಜಾಗವಿಲ್ಲ. ಆ ಊತ ಇಳಿಸಲು ಸ್ಟೆರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಮಾತ್ರೆ ಸಕ್ಕರೆ ಏರಿಸುತ್ತದೆ, ಆದ್ದರಿಂದ ಅದು ಡಾಕ್ಟರೇ ನೋಡಿ ಕೊಡಬೇಕಾದದ್ದು.

ನನ್ನ ಕೈಗೆ ಬಂದ ಮೇಲೆ ಮೊದಲ ಕೆಲಸ ಕಣ್ಣಿನದು. ರೆಪ್ಪೆ ತೆರೆಯುವುದು ಮೂರನೇ ನರ, ಮುಚ್ಚುವುದು ಏಳನೆಯದು. ಹೀಗಾಗಿ ಕಣ್ಣು ತೆರೆದೇ ಇರುತ್ತದೆ, ಒಣಗಿ ಗಾಯವಾಗುತ್ತದೆ. ಹಗಲು ಕಣ್ಣಿನ ಹನಿ ಮತ್ತು ಕನ್ನಡಕ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್. ಬಾಯಿಯ ಚಿಂತೆಯಲ್ಲಿ ಜನ ಕಣ್ಣನ್ನೇ ಮರೆಯುತ್ತಾರೆ.

"ಕರೆಂಟ್ ಕೊಡ್ರಿ ಮೇಡಂ" ಅಂದರು, ಎಲ್ಲರೂ ಹಾಗೇ ಕೇಳುತ್ತಾರೆ. ಮೊದಮೊದಲು ನಾನೂ ಕೊಡುತ್ತಿದ್ದೆ. ಅದರಿಂದ ಬೇಗ ವಾಸಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಕಾಣಲಿಲ್ಲ, ಬಿಟ್ಟೆ. ಬಲೂನು ಊದುವುದು, ಚ್ಯೂಯಿಂಗ್ ಗಮ್ ಅಗಿಯುವುದು ಕೂಡ ಬೇಡ ಅನ್ನುತ್ತೇನೆ. ಅಗಿಯುವ ಸ್ನಾಯು ಐದನೇ ನರದ್ದು, ಅದಕ್ಕೆ ಏನೂ ಆಗಿಲ್ಲವಲ್ಲ! ಇನ್ನು ಬಲವಂತವಾಗಿ ಮುಖ ತಿರುಚಿದರೆ ಚೆನ್ನಾಗಿರುವ ಬದಿಯೇ ಎಳೆಯುತ್ತದೆ. ಮತ್ತೆ ಬೆಳೆಯುವ ನರದ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯು ಸೇರುವುದೂ ಉಂಟು. ಆಗ ನಕ್ಕರೆ ಕಣ್ಣು ಮುಚ್ಚುತ್ತದೆ. ಒರಟು ವ್ಯಾಯಾಮ ಆ ಗೊಂದಲವನ್ನು ಗಟ್ಟಿ ಮಾಡುತ್ತದೆ.

ಅದಕ್ಕೇ ಕನ್ನಡಿ ಮುಂದೆ ಕೂರಿಸಿದೆ. ಸಣ್ಣ ಚಲನೆ, ನಿಧಾನ, ಐದೇ ಸಲ. ಬಾಯಿಯ ಅಂಚು ಅಕ್ಕಿಕಾಳಿನಷ್ಟು ಸರಿದರೂ ಸಾಕು. ಎಡಗೆನ್ನೆಯನ್ನು ಬೆರಳಿನಿಂದ ಹಿಡಿದುಕೊಳ್ಳಲು ಹೇಳಿದೆ, ಅದು ಬಲಗಡೆಯ ಕೆಲಸ ಕಸಿಯಬಾರದು. ಮೊದಲ ಹತ್ತು ದಿನ ಏನೂ ಕಾಣಲಿಲ್ಲ. ರೊಟ್ಟಿಯ ತುತ್ತು ಕೆನ್ನೆಯಲ್ಲೇ ಕೂರುತ್ತದೆ, ಮಂದಿ ಮುಂದೆ ಉಣ್ಣಲು ನಾಚಿಕೆ ಅಂತ ಅತ್ತರು. ಮದ್ದಿಲ್ಲದೆಯೂ ಹತ್ತರಲ್ಲಿ ಏಳು ಜನಕ್ಕೆ ಪೂರ್ತಿ ವಾಸಿಯಾಗುವ ಕಾಯಿಲೆ ಇದು ಅಂತ ಹೇಳುತ್ತಲೇ ಇದ್ದೆ.

ಮೂರನೇ ವಾರ ಬಾಯಿಯ ಅಂಚು ನಡುಗಿತು. ಐದನೇ ವಾರ ಅಂಗಿಯ ಜೇಬಿನಿಂದ ಸೀಟಿ ತೆಗೆದು ಕ್ಲಿನಿಕ್ಕಿನೊಳಗೇ ಊದಿದರು. ಹೊರಗೆ ಕೂತವರೆಲ್ಲ ಎದ್ದು ನೋಡಿದರು. ಹಣೆ ಏಳಲು ಮತ್ತೂ ಒಂದು ತಿಂಗಳು ಹಿಡಿಯಿತು. ಅವತ್ತು ಬೇಕೆಂದೇ ವಿಭೂತಿ ದಪ್ಪಗೆ ಬಳಿದುಕೊಂಡು ಬಂದಿದ್ದರು. ಹುಬ್ಬು ಎತ್ತಿದರು. ಬಲಗಡೆಯೂ ಬಿರುಕು ಬಿಟ್ಟಿತು.