ಗೋಧಿಯಿಲ್ಲದ ಕರ್ತನ ಭೋಜನ: ಕಷ್ಟ ಹಿಟ್ಟಿನದಲ್ಲ, ಪುಡಿಯದು

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯೇ ಕರ್ತನ ಭೋಜನ. ನಮ್ಮ ಕ್ರೈಸ್ತ ಸಭೆಯಲ್ಲಿ ಅದಕ್ಕೆ ರೊಟ್ಟಿ ಮಾಡಿಕೊಡುವವಳು ನಾನು. ಸಭೆಯ ಒಬ್ಬ ಹುಡುಗಿಗೆ ಸೀಲಿಯಾಕ್ ಇದೆ ಅಂತ ಗೊತ್ತಾದ ಮೇಲೆ ಗೋಧಿ ಬಿಟ್ಟು ಮಾಡಲು ಕಲಿತೆ.

ಸೀಲಿಯಾಕ್ ಅಂದರೆ ಬರೀ ಅಜೀರ್ಣ ಅಲ್ಲ. ಗೋಧಿ, ಬಾರ್ಲಿ, ರೈಯಲ್ಲಿರುವ ಗ್ಲುಟನ್ ಎಂಬ ಅಂಟು ಪ್ರೋಟೀನ್ ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಜೀವನಪೂರ್ತಿ ಪಥ್ಯವೇ ಅದಕ್ಕೆ ಚಿಕಿತ್ಸೆ. ‘ಚೂರೇ ಚೂರು ತಾನೇ’ ಅನ್ನುವವರಿಗೆ ನಾನು ಹೇಳುವುದು ಇಷ್ಟು: ‘ಗ್ಲುಟನ್ ಫ್ರೀ’ ಅನ್ನಿಸಿಕೊಳ್ಳಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಬೆರಳಲ್ಲಿ ಹಿಡಿಯುವ ತುಂಡಿಗೆ ಗೋಧಿ ರೊಟ್ಟಿಯ ಪುಡಿ ಅಂಟಿದರೂ ಆ ಮಿತಿ ದಾಟಿಹೋಗುತ್ತದೆ.

ಒಂದು ಕಪ್ ಅಕ್ಕಿ ಹಿಟ್ಟು, ಕಾಲು ಕಪ್ ಮರಗೆಣಸಿನ ಪಿಷ್ಟ, ಒಂದು ದೊಡ್ಡ ಚಮಚ ಇಸಬ್ಗೋಲ್, ಚಿಟಿಕೆ ಉಪ್ಪು, ಸ್ವಲ್ಪ ಎಣ್ಣೆ. ಬಿಸಿನೀರು ಒಂದೇ ಸಲ ಸುರಿಯಬೇಡಿ. ಗೋಧಿಯ ಅಂಟು ಇಲ್ಲದ್ದರಿಂದ ಇಲ್ಲಿ ಹಿಟ್ಟನ್ನು ಹಿಡಿದಿಡುವುದು ಇಸಬ್ಗೋಲ್. ಅದು ನೀರು ಕುಡಿದು ಲೋಳೆಯಾಗಲು ಕಾಲು ಗಂಟೆ ಬಿಡಿ, ಇಲ್ಲದಿದ್ದರೆ ಲಟ್ಟಿಸುವಾಗ ಅಂಚೆಲ್ಲ ಬಿರಿಯುತ್ತದೆ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಿಸಿ, ಬೇಯಿಸುವ ಮೊದಲೇ ಚಾಕುವಿನಿಂದ ಅಡ್ಡ ಉದ್ದ ಗೆರೆ ಎಳೆಯುತ್ತೇನೆ. ನಡುವಿನ ಗೆರೆ ಮಾತ್ರ ಆಳ. ಸಭಾಪಾಲಕರು ಎತ್ತಿ ಮುರಿದಾಗ ರೊಟ್ಟಿ ಅಲ್ಲೇ ಮುರಿಯುತ್ತದೆ, ಪುಡಿ ಉದುರುವುದೂ ಕಡಿಮೆ. ಓವನ್ನಿನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ ಅಂಚು ತುಸು ಕೆಂಪಗಾದರೆ ಸಾಕು. ಬಾದಾಮಿ ಹಿಟ್ಟು ಹಾಕಿದರೆ ರುಚಿ ಜಾಸ್ತಿ ನಿಜ, ಆದರೆ ಬೀಜಗಳ ಅಲರ್ಜಿ ಇರುವವರನ್ನು ಆಗ ಹೊರಗಿಟ್ಟ ಹಾಗಾಗುತ್ತದೆ, ಅಲ್ವಾ?

ಅಡುಗೆಮನೆಯಲ್ಲಿ ಜರಡಿ, ಮರದ ಮಣೆ, ಲಟ್ಟಣಿಗೆ ಬೇರೆಯೇ ಇಟ್ಟಿದ್ದೇನೆ. ಮರದ ಸಂದಿಯಲ್ಲಿ ಸೇರಿದ ಗೋಧಿ ಹಿಟ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ನಿಜವಾದ ತಲೆನೋವು ಮೇಜಿನ ಹತ್ತಿರ. ಮೊದಲು ಆ ಹುಡುಗಿಗೆ ಅಂತ ಪುಟ್ಟ ಮುಚ್ಚಳದ ಡಬ್ಬಿ ಇಟ್ಟೆವು. ಆದರೆ ಗೋಧಿ ರೊಟ್ಟಿ ಮುರಿದ ಕೈಯೇ ಆ ಡಬ್ಬಿಯನ್ನೂ ತೆರೆಯಬೇಕು. ಜೊತೆಗೆ ನಮ್ಮಲ್ಲಿ ರೊಟ್ಟಿಯನ್ನು ಪಾತ್ರೆಯಲ್ಲಿ ಅದ್ದಿ ತಿನ್ನುವ ರೂಢಿ. ಕೊನೆಗೆ ದ್ರಾಕ್ಷಾರಸದ ತಳ ನೋಡಿದರೆ ಬರೀ ಪುಡಿ! ಅದಕ್ಕೇ ಎಲ್ಲರಿಗೂ ಗೋಧಿಯಿಲ್ಲದ ರೊಟ್ಟಿಯೇ ಇರಲಿ ಅಂತ ಪಟ್ಟು ಹಿಡಿದೆ. ಹಿರಿಯರಲ್ಲಿ ಒಬ್ಬಿಬ್ಬರು ಗೊಣಗಿದರು. ರೊಟ್ಟಿ ಒಂದೇ, ಅದರಲ್ಲಿ ಪಾಲು ತೆಗೆದುಕೊಳ್ಳುವ ನಾವೆಲ್ಲ ಒಂದೇ ದೇಹ ಅಂತ ಬೈಬಲ್ಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮಾತನ್ನು ಸಭಾಪಾಲಕರು ಎತ್ತಿದ ಮೇಲೆ ಒಪ್ಪಿದರು.

ಕಥೋಲಿಕ ಗೆಳತಿಯೊಬ್ಬಳು ತನ್ನ ಚರ್ಚಿಗೂ ಮಾಡಿಕೊಡು ಅಂದಳು. ಅಲ್ಲಿ ಇದು ನಡೆಯುವುದಿಲ್ಲ. ಪರಮಪ್ರಸಾದದ (ಕರ್ತನ ಭೋಜನಕ್ಕೆ ಕಥೋಲಿಕರು ಹೇಳುವ ಹೆಸರು) ರೊಟ್ಟಿ ಗೋಧಿಯದೇ ಆಗಿರಬೇಕು, ಗ್ಲುಟನ್ ಪೂರ್ತಿ ಇಲ್ಲದ್ದು ಸಲ್ಲದು ಅಂತ ವ್ಯಾಟಿಕನ್ 2017ರಲ್ಲೂ ಮತ್ತೆ ಹೇಳಿದೆ. ಗ್ಲುಟನ್ ಬಹಳ ಕಡಿಮೆ ಇರುವ ಗೋಧಿಯ ರೊಟ್ಟಿಗೆ ಅವಕಾಶ ಇದೆ. ಅದೂ ಬೇಡವೆಂದರೆ ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಆದರೆ ಗುರುಗಳು ಬಲಿಪೂಜೆಯಲ್ಲಿ ರೊಟ್ಟಿಯ ಚೂರೊಂದನ್ನು ತಮ್ಮ ಪಾತ್ರೆಗೆ ಹಾಕುತ್ತಾರೆ. ಹಾಗಾಗಿ ಬೇರೆ ಪಾತ್ರೆ ಇಡಲು ಮೊದಲೇ ಕೇಳಿಕೋ ಅಂತ ಅವಳಿಗೆ ಹೇಳಿ ಕಳಿಸಿದೆ.