ಹನ್ನೆರಡು ನಿಮಿಷದ ಇಂಗ್ಲಿಷ್

ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕ ಎಂಬ ದುಂಬಿಯ ಬಗ್ಗೆ ಕನ್ನಡದಲ್ಲಾದರೆ ನಾನು ಒಂದು ಗಂಟೆ ಮಾತನಾಡಬಲ್ಲೆ. ಮೂಡಿಗೆರೆಯ ತೋಟದಲ್ಲಿ ಅದರ ಕಾಟ ನೋಡುತ್ತಲೇ ಬೆಳೆದವನು. ಅದನ್ನೇ ಚಿಕ್ಕಮಗಳೂರಿನ ವಿಚಾರ ಸಂಕಿರಣಕ್ಕಾಗಿ ಇಂಗ್ಲಿಷಿನಲ್ಲಿ 12 ನಿಮಿಷ ಹೇಳಬೇಕಾಯಿತು. ಮೊದಲ ಅಭ್ಯಾಸದಲ್ಲಿ 22 ಸ್ಲೈಡ್‌ಗಳನ್ನು ಸುಮ್ಮನೆ ಓದಿದೆ. ಹದಿನಾಲ್ಕನೆಯದಕ್ಕೇ ಸಮಯ ಮುಗಿಯಿತು.

ವ್ಯಾಕರಣವೇ ತೊಡಕು ಎಂದುಕೊಂಡಿದ್ದೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿದಾಗ ಬೇರೆಯೇ ಕಂಡಿತು. ಕನ್ನಡ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವಲ್ಲ, ಹಾಗಾಗಿ ನನ್ನ ಬಾಯಲ್ಲಿ ‘ಎಗ್’ ಎಂಬುದು ‘ಯೆಗ್ಗು’ ಆಗುತ್ತಿತ್ತು. ಅದನ್ನು ಜನ ಕ್ಷಮಿಸುತ್ತಾರೆ. ನಿಜವಾದ ಕಷ್ಟ ಒತ್ತಿನದು. ಇಂಗ್ಲಿಷ್ ಪದದಲ್ಲಿ ಒಂದು ಭಾಗ ಎದ್ದು ಕೇಳಬೇಕು. ನಾನೋ ರಾಗಿ ಬೀಸಿದಂತೆ ಒಂದೇ ಸಮನೆ ಸಾಗುತ್ತಿದ್ದೆ. ‘ಅನಾಲಿಸಿಸ್’ನಲ್ಲಿ ಒತ್ತು ‘ನಾ’ ಮೇಲೆ, ‘ಅನಲಿಟಿಕಲ್’ನಲ್ಲಿ ‘ಲಿ’ ಮೇಲೆ. ನಿಘಂಟು ನೋಡಿ ಇಂತಹ 30 ಪದಗಳಿಗೆ ಪೆನ್ಸಿಲ್ ಗೆರೆ ಎಳೆದೆ. ಒಂದು ವಾರ ಬಸ್ಸಿನಲ್ಲಿ ಅದೇ ಜಪ, ಪಕ್ಕದವರು ಏನೆಂದುಕೊಂಡರೋ.

ಸ್ಲೈಡ್‌ಗಳನ್ನು 9ಕ್ಕೆ ಇಳಿಸಿದೆ. ‘ಫಲಿತಾಂಶ’ ಎಂಬ ಸಪ್ಪೆ ತಲೆಬರಹದ ಬದಲು ಫಲಿತಾಂಶವನ್ನೇ ಒಂದು ವಾಕ್ಯವಾಗಿ ಬರೆದೆ. ಬಾಯಿಪಾಠ ಮಾಡಿದ್ದು ಮೊದಲ ಎರಡು ವಾಕ್ಯ ಮತ್ತು ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಮಾತುಗಳನ್ನು ಮಾತ್ರ. ಎಲ್ಲವನ್ನೂ ಉರು ಹೊಡೆದರೆ ಒಂದು ಪದ ಜಾರಿದಾಗ ಇಡೀ ಸಾಲೇ ಜಾರುತ್ತದೆ. ನಕ್ಷೆ ಬಂದಾಗ ಮೊದಲು ಅಕ್ಷಗಳಲ್ಲಿ ಏನಿದೆ ಎಂದು ಹೇಳಿ, ಆಮೇಲೆ ಅರ್ಥಕ್ಕೆ ಹೋದೆ.

ಅಂದು 20 ಸೆಕೆಂಡ್ ಉಳಿಯಿತು. ಒಂದು ಪ್ರಶ್ನೆ ಪೂರ್ತಿ ಅರ್ಥವಾಗದಿದ್ದಾಗ, ‘ನೆರಳಿನ ಬಗ್ಗೆ ಕೇಳುತ್ತಿದ್ದೀರಾ?’ ಎಂದು ನನ್ನ ಮಾತಿನಲ್ಲೇ ಮರುಕೇಳಿದೆ. ಹೌದೆಂದರು. ಬಿಸಿಲು ಬೀಳುವ ಕಾಂಡವೇ ಆ ದುಂಬಿಗೆ ಇಷ್ಟ ಎಂಬುದನ್ನು ಹೇಳಲು ಚೀಟಿ ಬೇಕಾಗಲಿಲ್ಲ.